ಚಾಳ್ ಕಟ್ಟಲು ಹೋಟೆಲಿನ ಮುಂಗಡ

ಡಿಸೆಂಬರ್ ತಿಂಗಳ ಮೂರನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ನಾನಾಗ ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಭಾಂಡುಪ್ ಶಾಖೆಯಲ್ಲಿ ಗೃಹಸಾಲ ವಿಭಾಗದ ಮ್ಯಾನೇಜರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೇಜಿನ ಎದುರು ಇಬ್ಬರಿದ್ದರು. ವಿಜಯಪುರದ ಕಡೆಯ ಗಂಗವ್ವ ಆಸ್ಪತ್ರೆಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದವರು, ತಮ್ಮ ವಠಾರದ, ಅಂದರೆ ಚಾಳ್‌ನ, ಸೊಸೈಟಿಗೆ ಸೆಕ್ರೆಟರಿ. ಉಡುಪಿಯ ಸದಾನಂದಣ್ಣನವರದು ಸ್ಟೇಷನ್ ಹತ್ತಿರ ಹೋಟೆಲು. ಅವರ ಇಬ್ಬರು ಅಡುಗೆಯವರ ಸಂಸಾರ ಅದೇ ಚಾಳ್‌ನಲ್ಲಿದ್ದುದರಿಂದ ಅವರ ಪರವಾಗಿ ಮಾತಾಡಲು ಬಂದಿದ್ದರು.

ಹದಿನಾರು ಖೋಲಿಗಳ ಆ ಚಾಳ್ ಬೀಳುವ ಸ್ಥಿತಿಯಲ್ಲಿತ್ತು. ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕೆಂದು ಪಾಲಿಕೆಯ ನೋಟಿಸ್ ಬಂದಿತ್ತು. ಜಾಗ ಸೊಸೈಟಿಯದೇ. ಹಾಗಾಗಿ ಬಿಲ್ಡರ್‌ಗೆ ಒಪ್ಪಿಸಬಹುದು, ಇಲ್ಲವೇ ಸಾಲ ಪಡೆದು ತಾವೇ ಕಟ್ಟಿಸಿಕೊಳ್ಳಬಹುದು. ತಾವೇ ಕಟ್ಟಿಸುವುದಾದರೆ ವೆಚ್ಚದ ಐದನೇ ಒಂದು ಪಾಲು ಅವರದೇ ಇರಬೇಕೆಂಬುದು ಬ್ಯಾಂಕಿನ ನಿಯಮ. ಅದನ್ನು ಮಾರ್ಜಿನ್ ಮನಿ ಎನ್ನುತ್ತೇವೆ. ಎಲ್ಲರೂ ಒಡವೆ ಮಾರಿದರೂ ಅದರ ಅರ್ಧವಷ್ಟೇ ಕೂಡಿತ್ತು. ಸೋಮವಾರ ಬಿಲ್ಡರ್ ಅವರ ಸಹಿ ಪಡೆಯಲು ಬರುವವನಿದ್ದ.

“ಬಾಜೂ ಗಲ್ಲಿ ಮಂದಿ ಬಿಲ್ಡರ್‌ಗೆ ಸಹಿ ಕೊಟ್ಟು ಏಳು ವರ್ಷಾತ್ರಿ ಸಾಹೇಬ್ರ,” ಎಂದರು ಗಂಗವ್ವ. “ಪಾಯಾ ತೋಡಿದ ತಗ್ಗಿನ್ಯಾಗ ಈಗ ಎಮ್ಮಿ ಈಜತಾವ. ನಮ್ಮ ಮನಿನೂ ಹಂಗಾದ್ರ ಮಗಳ್ನ ಕರಕೊಂಡು ನಾ ಎಲ್ಲಿಗೆ ಹೋಗ್ಲಿ?”

ಮೊದಲು ಸದಾನಂದಣ್ಣ ತಂದ, ಅಡುಗೆಯವರ ಸಂಬಳದ ಪ್ರಮಾಣಪತ್ರ ನೋಡಿದೆ. ‘ಇವರಿಬ್ಬರು ನಮ್ಮ ಮನೆಯವರ ಹಾಗೆ, ಊಟಕ್ಕೆ ಎಂದೂ ಕೊರತೆಯಿಲ್ಲ’ ಎಂದಷ್ಟೇ ಇತ್ತು.

“ಸಂಬಳ ಎಷ್ಟೆಂದು ಬರೆದಿಲ್ಲವಲ್ಲ?”

“ಮನೆಯವರಿಗೆ ಎಂತ ಸಂಬಳ ಮಾರಾಯ್ರೆ!”

“ಹಂಗಾರ ಅವರು ಪಗಾರ ಕೇಳಬಾರದೇನ್ರೀ ಅಣ್ಣಾ?” ಎಂದು ಗಂಗವ್ವ ಚುಚ್ಚಿದರು. ಅಣ್ಣ ನಗುತ್ತ ಪತ್ರ ತಿದ್ದಲು ಕುಳಿತರು.

ತಿದ್ದುತ್ತಿದ್ದವರ ಕಣ್ಣು ಮೇಜಿನ ಮೇಲೆ ಹರಡಿದ್ದ ಕಟ್ಟಡದ ಪ್ಲ್ಯಾನಿನ ಮೇಲೆ ಬಿತ್ತು. ನೆಲಮಹಡಿಯಲ್ಲಿ, ರಸ್ತೆಗೆ ಮುಖಮಾಡಿ, ಬಾಡಿಗೆಗೆಂದು ಒಂದು ಅಂಗಡಿ ಇತ್ತು. “ಇದು ನನಗಿರಲಿ. ಹೆವಿ ಡಿಪಾಸಿಟ್ ಕೊಡ್ತೇನೆ,” ಎಂದರು. ಮುಂಬಯಿಯಲ್ಲಿ ಇದು ರೂಢಿ: ಒಮ್ಮೆಗೇ ದೊಡ್ಡ ಮೊತ್ತ ಇಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಟ್ಟುಹೋಗುವಾಗ ಇಟ್ಟ ಹಣ ಪೂರ್ತಿ ವಾಪಸ್.

ಗಂಗವ್ವನ ಮುಖ ಅರಳಿತು. “ಮುಗೀತಲ್ರಿ! ಆ ರೊಕ್ಕಾನ ನಮ್ಮ ಪಾಲಿಗೆ ಹಾಕ್ರಿ.”

ನಾನು ಆಗದು ಎನ್ನಬೇಕಾಯಿತು. ವಾಪಸ್ ಕೊಡಬೇಕಾದ ಹಣವೂ ಸಾಲವೇ. ಅದನ್ನು ಸ್ವಂತ ಪಾಲು ಎನ್ನಲಾಗದು. ಗಂಗವ್ವ ಪ್ಲ್ಯಾನ್ ಮಡಚತೊಡಗಿದರು. ಅಷ್ಟರಲ್ಲಿ ನನಗೆ ಹೊಳೆಯಿತು: ಡಿಪಾಸಿಟ್ ಆಗದಿದ್ದರೆ ಬಾಡಿಗೆ ಆಗಬಹುದಲ್ಲ?

“ಅಣ್ಣಾ, ಹತ್ತು ವರ್ಷದ ಬಾಡಿಗೆ ಮುಂಗಡ ಕೊಡುತ್ತೀರಾ? ಅದು ತಿಂಗಳು ತಿಂಗಳು ವಜಾ ಆಗುತ್ತದೆ, ಇವರು ವಾಪಸ್ ಕೊಡಬೇಕಿಲ್ಲ. ಇವರ ಪಾಲಿನ ಉಳಿದರ್ಧ ಅದರಿಂದ ತುಂಬೀತು.”

“ಕಟ್ಟಡವೇ ಏಳದಿದ್ದರೆ?”

“ಹಣ ನಮ್ಮಲ್ಲೇ ಬೇರೆ ಖಾತೆಯಲ್ಲಿರುತ್ತದೆ. ಪಾಯಕ್ಕೆ ಇವರ ಹಣ. ಆಮೇಲೆ ಒಂದೊಂದು ಮಹಡಿಯ ಸ್ಲ್ಯಾಬ್ ಹಾಕಿದಂತೆ, ಎಂಜಿನಿಯರ್ ನೋಡಿ ಬರೆದುಕೊಟ್ಟ ಮೇಲೆ, ನಿಮ್ಮದರಲ್ಲಿ ಒಂದು ಭಾಗ ಬಿಡುತ್ತೇವೆ. ಕೆಲಸ ನಿಂತರೆ ಉಳಿದದ್ದು ನಿಮಗೆ.”

ಅಣ್ಣ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದರು. “ಹಾಗಾದ್ರೆ ಬಾಡಿಗೆ ಸ್ವಲ್ಪ ಇಳಿಸಬೇಕು.”

“ಇಳಸ್ತೀವಿ. ಆದ್ರ ನಿಮ್ಮ ವಡಾ ಕರಿಯೋ ಹೊಗಿ ನಮ್ಮ ಕಿಡಕ್ಯಾಗ ಬರಬಾರದು.”

“ಅದು ಹೊಗೆ ಅಲ್ಲ, ಪರಿಮಳ!”

“ಪರಿಮಳ ನಿಮ್ಮ ಗಲ್ಲಾದ ಕಡೆ ಬಿಟ್ಟುಕೋರಿ.”

ಆರ್ಕಿಟೆಕ್ಟ್‌ಗೆ ಫೋನ್ ಮಾಡಿದೆ. ಹಿಂದಿನ ಗೋಡೆಗುಂಟ ತಾರಸಿಯವರೆಗೆ ಚಿಮಣಿ ಒಯ್ಯಬಹುದು ಎಂದರು. ಮುಖ್ಯ ಕಚೇರಿಯ ಮೇಲಧಿಕಾರಿ, “ಈ ಥರದ ಮಾರ್ಜಿನ್ ನಾವು ಎಂದೂ ತೆಗೆದುಕೊಂಡಿಲ್ಲ,” ಎಂದರು. ಖಾತೆಯ ಏರ್ಪಾಡು ವಿವರಿಸಿದೆ. ಕರಾರು ನೋಂದಣಿಯಾಗಬೇಕೆಂಬ ಷರತ್ತಿನ ಮೇಲೆ ಮಧ್ಯಾಹ್ನ ಒಪ್ಪಿಗೆ ಸಿಕ್ಕಿತು.

ಗೃಹಸಾಲದ ನಿಯಮಗಳನ್ನು ನಾವು ತಿಂಗಳ ಸಂಬಳದವರನ್ನು ನೆನೆದು ಬರೆದಿದ್ದೇವೆ. ಈ ನಗರದಲ್ಲಿ ಹಣ ಬೇರೆ ದಾರಿಗಳಲ್ಲೂ ಓಡಾಡುತ್ತದೆ. ಅವುಗಳಲ್ಲಿ ಯಾವುದು ಮನೆ ಕಟ್ಟೀತು, ಅದನ್ನು ಹೇಗೆ ಭದ್ರಪಡಿಸಬೇಕು ಎಂದು ಹುಡುಕುವುದೂ ಬ್ಯಾಂಕಿನವನ ಕೆಲಸವೇ. ಬಡವರ ಮನೆಗೆ ಒಂದೇ ಬಗೆಯ ಹಣ ಸಾಲದು ಎಂದು ಅಂದಿನಿಂದ ನಂಬಿದ್ದೇನೆ.

ಸಂಜೆ ಒಪ್ಪಂದದ ಕರಡಿಗೆ ಇಬ್ಬರೂ ಸಹಿ ಹಾಕಿದರು. “ಸೋಮವಾರದ ತನಕ ಯಾಕ ಕಾಯೂದು?” ಎಂದು ಗಂಗವ್ವ ಅಲ್ಲಿಂದಲೇ ಬಿಲ್ಡರ್‌ಗೆ ಫೋನ್ ಹಚ್ಚಿದರು.

“ಸೋಮ್‌ವಾರ್ ಕೋ ಮತ್ ಆನಾ ಸಾಬ್. ಹಮಾರಾ ಘರ್ ಹಮ್ ಖುದ್ ಬನಾಯೇಂಗೆ.” ಫೋನ್ ಇಟ್ಟು ನಮ್ಮತ್ತ ತಿರುಗಿದರು: “ಬರಬ್ಯಾಡ್ರಿ ಅಂತ ಹೇಳ್ದೆ. ನಮ್ಮ ಮನಿ ನಾವ ಕಟ್ಟಿಸ್ಕೋತೀವಿ.”