ವಠಾರದವರು ಆಫೀಸು ಅಂದುಕೊಂಡದ್ದು

ಇನ್ನೂ ಬೆಳಕು ಹರಿದಿಲ್ಲ. ತುಮಕೂರಿನ ಬಟವಾಡಿಯಲ್ಲಿ, ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ಹತ್ತಿರದಲ್ಲಿ ಒಂದು ವಠಾರ. ಇವತ್ತು ನೀರು ಬರುವ ದಿನ. ನಲ್ಲಿಯ ಸುತ್ತ ಹೆಂಗಸರೆಲ್ಲ ಸೇರಿದ್ದಾರೆ. ಕೊನೆಯ ಮನೆಯ ಶಶಿಕಲಾ ಮಾತ್ರ ಒಳಗೆ ಹಳೆಯ ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ವಯಸ್ಸು ನಲವತ್ತೇಳು. ಒಂದು ಬಟನ್ ಒತ್ತುತ್ತಾರೆ, ಪರದೆಯ ತುಂಬ ಕೆಂಪು ಅಕ್ಷರ ಸುರಿಯುತ್ತದೆ. ಒಂದು ಸಾಲು ತಿದ್ದಿ ಮತ್ತೆ ಒತ್ತುತ್ತಾರೆ.

ಹೆಡ್‌ಫೋನಿನಲ್ಲಿರುವುದು ಕುಣಿಗಲ್ಲಿನ ಗೆಳತಿ ಅರ್ಜೂ. “ಅಕ್ಕಾ, ಮದ್ದಿನ ಬಟನ್ ಒತ್ತಿದ್ರೆ ಕುದುರೆ ಬರ್ತಾ ಇದೆ!”

“ಕುಣಿಗಲ್‌ನೋರಿಗೆ ಕುದುರೆ ಹೊಸ್ದಾ? ಹತ್ತಿ ಕೂತಿರು, ಸರಿ ಮಾಡ್ತೀನಿ.”

ಹೊರಗೆ ಯಾರೋ ಗದರುತ್ತಾರೆ: “ಮೆತ್ತಗ್ ಮಾತಾಡ್ರೇ, ಶಶಿಗೆ ಮೀಟಿಂಗ್ ನಡೀತಾ ಐತೆ.” ಅದು ಪಕ್ಕದ ಮನೆಯ ರಂಗಮ್ಮ. ಅವರ ಸೊಂಟದ ಮೇಲಿರುವ ಬಿಂದಿಗೆ ಶಶಿಕಲಾ ಅವರದು. ಆ ಮಾತು ಕಿವಿಗೆ ಬಿದ್ದಾಗ ಶಶಿಕಲಾ ಪರದೆಯಿಂದ ಕಣ್ಣು ತೆಗೆದು ನೆಲ ನೋಡುತ್ತಾರೆ.

ಅದು ಮೀಟಿಂಗ್ ಅಲ್ಲ, ಆಫೀಸೂ ಅಲ್ಲ. ಅದು ಆಟ.

ಬೇರೆ ಬೇರೆ ಊರಿನ ಸಾವಿರಾರು ಜನ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ. ಒಬ್ಬರು ಯೋಧ, ಒಬ್ಬರು ಬೇಟೆಗಾರ, ಶಶಿಕಲಾ ವೈದ್ಯೆ. ಯಾರಿಗೆ ಗಾಯವಾಗಿದೆ, ಯಾವ ಮದ್ದು ಸಿದ್ಧವಿದೆ ಎಂದೆಲ್ಲ ತೋರಿಸಲು ಆಟದ ಕಂಪನಿಯೇ ಕೊಟ್ಟ ಪರದೆಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳು. ಅದನ್ನು ಬದಿಗಿಟ್ಟು, ಆಡುವವರೇ ಕೆಲವರು ಸೇರಿ ದಪ್ಪ ಕನ್ನಡ ಅಕ್ಷರದ, ದೊಡ್ಡ ಬಟನ್‌ಗಳ ಬೇರೆ ಪರದೆ ಮಾಡಿ ಎಲ್ಲರಿಗೂ ಹಂಚಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಕಂಪನಿ ಆಟದ ಒಳಗಿನ ಕಟ್ಟನ್ನೇ ಬದಲಾಯಿಸಿತು. ಕನ್ನಡ ಪರದೆ ಒಮ್ಮೆಲೇ ಸತ್ತುಹೋಯಿತು. ಮೊದಲು ಮಾಡಿದವರಲ್ಲಿ ಒಬ್ಬರು ಆಟ ಬಿಟ್ಟಿದ್ದರು, ಇನ್ನಿಬ್ಬರಿಂದ ಉತ್ತರವೇ ಇಲ್ಲ. “ನಾನು ನೋಡ್ತೀನಿ” ಎಂದು ಆಡುವವರ ಗುಂಪಿನಲ್ಲಿ ಬರೆದವರು ಶಶಿಕಲಾ ಒಬ್ಬರೇ.

ಓದಿದ್ದು ಪಿಯುಸಿ. ಗುಬ್ಬಿಯ ಡಿಟಿಪಿ ಅಂಗಡಿಯೊಂದರಲ್ಲಿ ಹದಿನಾರು ವರ್ಷ ಲಗ್ನಪತ್ರಿಕೆ ಜೋಡಿಸಿದವರು. ಅರ್ಜೂ ಅಲ್ಲಿನ ಸಹೋದ್ಯೋಗಿ. “ಲಗ್ನಪತ್ರಿಕೇಲಿ ಒಬ್ಬ ಸೋದರಮಾವನ ಹೆಸ್ರು ಬಿಟ್ರೆ ಮದ್ವೆ ಮನೇಲಿ ಜಗಳ. ಇದೂ ಹಾಗೇನೇ. ಯಾರ್ಯಾರು ಯಾವ ಭಾಗ ಮಾಡಿದ್ರೋ ಅವ್ರ ಹೆಸ್ರು ಅಲ್ಲೇ ಇರ್ಬೇಕು. ಅವ್ರನ್ನ ನಾನು ನೋಡಿಲ್ಲ, ಆದ್ರೂ ಒಂದು ಹೆಸ್ರೂ ಕಿತ್ತಿಲ್ಲ” ಎನ್ನುತ್ತಾರೆ ಶಶಿಕಲಾ. ಹಳೆಯದನ್ನು ಬಿಚ್ಚಿ, ಒಂದೊಂದೇ ತುಂಡನ್ನು ಹೊಸ ಕಟ್ಟಿಗೆ ಹೊಂದಿಸಬೇಕು. ದಿನಕ್ಕೆ ಮೂರು ಗಂಟೆ, ಗಂಡ ಗಂಗಾಧರ್ ವಸಂತನರಸಾಪುರದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವ ತನಕ. ಆ ಹೊತ್ತಿನಲ್ಲಿ ಆಡುವವರು ಕಡಿಮೆ. ತಪ್ಪಾದರೂ ಯಾರಿಗೂ ತೊಂದರೆಯಿಲ್ಲ. ಗಂಡನಿಗೆ ವಿಷಯ ಗೊತ್ತು. ಅವರದ್ದು ಒಂದೇ ಷರತ್ತು: “ಏನಾದ್ರೂ ಮಾಡ್ಕೋ. ಹೊರಗಡೆ ಮಾತ್ರ ಹೇಳ್ಬೇಡ ಮಾರಾಯ್ತಿ.”

ಆಟ ಮನೆಗೆ ಬಂದದ್ದು ಎರಡು ವರ್ಷದ ಹಿಂದೆ, ಗರ್ಭಕೋಶದ ಆಪರೇಷನ್ ಆದಾಗ. ಮೊದಲ ವಾರ ಬ್ರೆಡ್ಡು, ಎಳನೀರು ಹಿಡಿದು ಎಲ್ಲರೂ ಬಂದರು. ಆಮೇಲೆ ಯಾರೂ ಇಲ್ಲ. ಮಲಗಿದಲ್ಲೇ ಕೊರಗುತ್ತಿದ್ದವರಿಗೆ ಅರ್ಜೂ ಇದನ್ನು ಹಾಕಿಕೊಟ್ಟರು. “ಅಲ್ಲಿ ‘ಬೇಗ ಬಾ, ಸಾಯ್ತಾ ಇದೀನಿ’ ಅಂತ ಕರೀತಾರೆ. ಹೋದ್ರೆ ಬದುಕ್ತಾರೆ. ಮನೇಲಿ ನನ್ನನ್ನ ಹಾಗೆ ಕರ್ದೋರು ಯಾರೂ ಇರ್ಲಿಲ್ಲ” ಎನ್ನುವಾಗ ಅವರ ಮುಖದಲ್ಲಿ ನಗುವಿದೆ. ಮರುಕ್ಷಣ ಅದೂ ಇಲ್ಲ.

“ಇರ್ಲಿಲ್ಲ ಅಂದ್ನಲ್ಲ, ಅದು ಸುಳ್ಳು. ರಂಗಮ್ಮ ಇದ್ರು.”

ಊರ್ಡಿಗೆರೆ ಕಡೆಯ ರಂಗಮ್ಮ ಮಾರುಕಟ್ಟೆಯಿಂದ ಹುಣಸೆಹಣ್ಣು ತಂದು ಬೀಜ ಬಿಡಿಸುವ ಕೆಲಸದವರು. ವಯಸ್ಸು ಅರವತ್ತು ದಾಟಿದೆ, ಒಂದು ಮಂಡಿ ಊದಿಕೊಂಡಿದೆ. “ಹೊಟ್ಟೆ ಕುಯ್ಸ್ಕಂಡೋಳು ಬಿಂದ್ಗೆ ಎತ್ತೀಯಾ? ಬುಡು” ಎಂದು ಅವತ್ತಿನಿಂದ ಶಶಿಕಲಾ ಮನೆಯ ನೀರನ್ನು ತಾವೇ ತುಂಬಿದರು. ಗಾಯ ಮಾಗಿ, ಇನ್ನು ಸಾಕು ಎಂದು ಶಶಿಕಲಾ ಹೇಳಬೇಕಾಗಿದ್ದ ಹೊತ್ತಿನಲ್ಲಿ ರಂಗಮ್ಮ ಕಿಟಕಿಯಿಂದ ಹೆಡ್‌ಫೋನ್ ನೋಡಿ ಕೇಳಿದರು: “ಏನವ್ವ, ಕಂಪ್ನಿ ಕೆಲ್ಸ ಸಿಕ್ತಾ?”

ಶಶಿಕಲಾ “ಹ್ಞೂಂ” ಅಂದರು.

“ಆಟ ಅಂತ ಹೇಳೋಕೆ ನಾಚ್ಕೆ ಆಯ್ತು. ಈ ವಯಸ್ಸಲ್ಲಿ, ಮುಟ್ಟು ನಿಂತೋಳು, ಆಟ ಆಡ್ತಾಳೆ ಅಂದ್ರೆ? ಒಂದು ‘ಹ್ಞೂಂ’ಗೆ ಇಷ್ಟು ದಿನ ನೀರು ಹೊತ್ರು. ದಿನಾ ಇವತ್ತು ಹೇಳ್ತೀನಿ ಅನ್ಕೊಳ್ಳೋದು, ಹೊರಗಡೆ ಅವ್ರು ಕುಂಟೋ ಸದ್ದು ಕೇಳಿದ್ರೆ ಬಾಯಿ ಕಟ್ಟೋಗೋದು.”

ಈ ಲೇಖನಕ್ಕಾಗಿ ಮಾತಾಡಿಸಿದಾಗ ಮೊದಲು ಶಶಿಕಲಾ ಒಪ್ಪಲಿಲ್ಲ. ಎರಡನೆಯ ಸಲ ಹೋದಾಗ, “ಪೇಪರ್‌ನಲ್ಲಿ ಓದಿ ತಿಳ್ಕೊಳ್ಳೋದು ಬೇಡ, ನಾನೇ ಹೇಳ್ತೀನಿ” ಎಂದು ಎದ್ದರು. ರಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಹುಣಸೆಬೀಜ ಬಿಡಿಸುತ್ತಿದ್ದಾರೆ.

“ರಂಗಮ್ಮ, ನಾನು ಮಾಡೋದು ಆಫೀಸ್ ಕೆಲ್ಸ ಅಲ್ಲ.”

“ಮತ್ತೆ?”

“ಆಟ. ಅದನ್ನ ಆಡೋರಿಗೆ ಬೇಕಾದ್ದನ್ನ ಮಾಡ್ಕೊಡೋದು.”

“ಸಂಬ್ಳ?”

“ಇಲ್ಲ.”

“ಮೀಟಿಂಗು?”

“ಅದೂ ಇಲ್ಲ. ಅರ್ಜೂ ಜೊತೆ ಮಾತಾಡ್ತಿದ್ದೆ.”

ರಂಗಮ್ಮ ಜೋರಾಗಿ ನಗುತ್ತಾರೆ. “ಅಯ್ಯೋ ನಿನ್ನ ಮನೆ ಕಾಯೋಗ! ಮೀಟಿಂಗು ಮೀಟಿಂಗು ಅಂತ ನಲ್ಲಿ ತಾವ ಕೂಗಾಡೋ ಆ ಮಂಜುಳಮ್ಮನ ಬಾಯಿ ಮುಚ್ಸಿದ್ನಲ್ಲೇ ನಾನು!” ನಗು ಮುಗಿದ ಮೇಲೆ ಕೈಯಲ್ಲಿದ್ದ ಹುಣಸೆಹಣ್ಣಿನ ಬೀಜ ಕಿತ್ತು ಪಕ್ಕಕ್ಕೆ ಹಾಕುತ್ತಾರೆ.

“ನೀನ್ ಮಾಡಿದ್ದನ್ನ ಎಷ್ಟ್ ಜನ ಇಟ್ಕಂಡವ್ರೆ?”

“ಎರಡು ಸಾವಿರದ ಹತ್ರ.”

“ನೀನೇ ಮಾಡಿದ್ದು ಅಂತ ಅವ್ರಿಗೆ ಗೊತ್ತಾ?”

“ಗೊತ್ತು. ಹೆಸ್ರು ಹಾಕಿರ್ತೀವಿ.”

“ನಾನ್ ನೀರ್ ಹೊತ್ತಿದ್ದು ಗೊತ್ತಾ?”

ರಂಗಮ್ಮ ಉತ್ತರಕ್ಕೆ ಕಾಯುವುದಿಲ್ಲ. ಇನ್ನೊಂದು ಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗುತ್ತಾರೆ.

ಹೊಸ ಪರದೆ ಅದೇ ವಾರ ಸಿದ್ಧವಾಗಿ ಎಲ್ಲರ ಕೈಗೂ ಸೇರಿದೆ. ಮದ್ದಿನ ಬಟನ್‌ಗೆ ಮದ್ದೇ ಬರುತ್ತದೆ. “ನಿಮ್ಮ ಋಣ ತೀರಿಸೋಕಾಗಲ್ಲ ಅಕ್ಕ” ಎಂದು ಯಾರೋ ಗುಂಪಿನಲ್ಲಿ ಬರೆದಿದ್ದಾರೆ. ಅದನ್ನು ತೋರಿಸಿ ಎಂದರೆ ಶಶಿಕಲಾ ಮೊಬೈಲನ್ನು ಮಗುಚಿ ಇಡುತ್ತಾರೆ. ಪರದೆ ಮಾಡಿದವರ ಹೆಸರುಗಳ ಜೊತೆ ರಂಗಮ್ಮನ ಹೆಸರನ್ನೂ ಸೇರಿಸು ಎಂದು ಅರ್ಜೂ ಹೇಳಿದರಂತೆ. “ಸೇರಿಸಿದ್ರೆ ನನಗೆ ಸಮಾಧಾನ. ಅವ್ರ ಮಂಡಿಗೆ ಏನು ಸಿಕ್ತು?” ಎನ್ನುತ್ತಾರೆ ಶಶಿಕಲಾ.

ವಠಾರದಲ್ಲಿ ದೊಡ್ಡ ಸುದ್ದಿಯೇನೂ ಆಗಿಲ್ಲ. ರಂಗಮ್ಮ ಯಾರಿಗೂ ಹೇಳಿದಂತಿಲ್ಲ. ನೀರು ಬಂದಾಗ ಎಲ್ಲರ ಬಾಗಿಲು ತಟ್ಟುವಂತೆ ಈ ಬಾಗಿಲನ್ನೂ ತಟ್ಟುತ್ತಾರೆ, “ನೀರ್ ಬಂತು” ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಶಶಿಕಲಾ ಸಾಲಿನಲ್ಲಿ ನಿಲ್ಲುತ್ತಾರೆ. ಇವರ ಸರದಿ ಬಂದರೆ ರಂಗಮ್ಮ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಎತ್ತಿಕೊಡಲು ಶಶಿಕಲಾ ಅವರ ಬಿಂದಿಗೆಗೆ ಕೈ ಹಾಕಿದರೆ, “ಬ್ಯಾಡ ಬುಡಿ” ಎಂದು ಬಹುವಚನದಲ್ಲಿ ಹೇಳುತ್ತಾರೆ.

ಇಷ್ಟು ದೊಡ್ಡ ಕೆಲಸ ಮುಗಿಯಿತಲ್ಲ, ಇನ್ನು ಏನು ಆಸೆ ಎಂದು ಕೇಳಿದೆ.

“ರಂಗಮ್ಮ ಒಂದ್ಸಲ ನನ್ನ ಚೆನ್ನಾಗಿ ಬೈದ್ಬಿಡ್ಲಿ ಮೇಡಂ. ನಲ್ಲಿ ಹತ್ರ, ಎಲ್ರ ಮುಂದೆ. ಅಷ್ಟು ಸಾಕು.”