ಬಿದ್ದ ವಿಮಾನದಲ್ಲೂ ಬಿಚ್ಚದ ಗಂಟು

ಬೆಳಕು ಹರಿಯುವ ಹೊತ್ತು. ಸರಕು ವಿಮಾನದ ಹೊಟ್ಟೆಯೊಳಗೆ ಹೆಂಗಸೊಬ್ಬರು ಪೆಟ್ಟಿಗೆಗಳ ರಾಶಿಗೆ ಮೊಣಕಾಲು ಒತ್ತಿ, ಹಲ್ಲು ಕಚ್ಚಿ ಹಗ್ಗ ಜಗ್ಗುತ್ತಿದ್ದಾರೆ. ಕೊನೆಯ ಗಂಟು ಬಿಗಿದು, ಪೆಟ್ಟಿಗೆಗೊಂದು ಏಟು ಕೊಟ್ಟು, "ಅಲ್ಲಾಡಿದ್ಯೋ, ನೋಡು ಮತ್ತೆ!" ಎಂದು ಗದರುತ್ತಾರೆ. ಪೆಟ್ಟಿಗೆ ಕಮಕ್ ಕಿಮಕ್ ಎನ್ನುವುದಿಲ್ಲ.

ನಿಲ್ದಾಣದಲ್ಲಿ ಇವರು ಎಲ್ಲರಿಗೂ ಗಂಟಕ್ಕ. ಅಪ್ಪ ಲಾರಿಗೆ ಲೋಡು ಕಟ್ಟುತ್ತಿದ್ದವರು. ವಿಮಾನದ ಬಲೆ, ಪಟ್ಟಿಗಳನ್ನೆಲ್ಲ ನಿಯಮದಂತೆ ಬಿಗಿದ ಮೇಲೂ ಅಪ್ಪ ಕಲಿಸಿದ ಹಗ್ಗದ ಗಂಟೊಂದನ್ನು ಹಾಕದೆ ಮಗಳು ಕೆಳಗಿಳಿಯುವುದಿಲ್ಲ. ಮನೆಯಲ್ಲೂ ಅದೇ ಪಾಡು. "ಊಟದ ಡಬ್ಬಿಗೂ ಹಗ್ಗ ಕಟ್ತಾಳೆ. ನಾನು ಬಿಚ್ಚೋಷ್ಟರಲ್ಲಿ ಊಟದ ಬಿಡುವೇ ಮುಗಿದಿರುತ್ತೆ" ಎಂದು ಗಂಡ ಅಲವತ್ತುಕೊಳ್ಳುತ್ತಾರೆ.

ಈ ಹೆಚ್ಚುವರಿ ಗಂಟು ಕಂಡರೆ ಮೇಲ್ವಿಚಾರಕರು ಮೈ ಪರಚಿಕೊಳ್ಳುತ್ತಿದ್ದರು. ಸರಕು ಇಳಿಸುವ ಊರಿನವರು ಬಿಚ್ಚಲಾಗದೆ ದೂರುತ್ತಿದ್ದರಂತೆ. "ಇನ್ನೊಂದ್ಸಲ ಹಾಕಿದ್ರೆ ಮನೆಗೆ ಕಳಿಸ್ತೀನಿ" ಎಂದರು. ತಲೆಯಾಡಿಸಿದ ಗಂಟಕ್ಕ ಮರುದಿನ ಬೆಳಗ್ಗೆ ಹೊರಟ ವಿಮಾನದಲ್ಲೂ ಅದೇ ಗಂಟು ಹಾಕಿದರು. ಹುಟ್ಟುಗುಣ ಸುಟ್ಟರೂ ಹೋಗದು.

ಆ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟು, ರನ್‌ವೇ ಆಚೆಯ ಬಯಲಿಗೆ ಬಿತ್ತು. ಒಳಗಿದ್ದದ್ದು ಇಬ್ಬರು ಪೈಲಟ್‌ಗಳು ಮತ್ತು ರಾಶಿ ರಾಶಿ ಪಿಂಗಾಣಿ ಕಮೋಡುಗಳು.

"ಸಾಮಾನು ಜರುಗಿಯೇ ವಿಮಾನ ಬಿದ್ದಿದ್ದು" ಎಂದು ಮೇಲ್ವಿಚಾರಕರು ತನಿಖೆಗೂ ಮೊದಲೇ ತೀರ್ಪು ಕೊಟ್ಟುಬಿಟ್ಟರು. "ಕೆಲಸ ಹೋದ್ರೆ ಹಾಳಾಗ್ಹೋಗ್ಲಿ, ಆ ಇಬ್ರು ಬದುಕಿರ್ಲಪ್ಪಾ ಅಂತ ಅಲ್ಲೇ ಕೂತು ಅತ್ತೆ ಕಣ್ರೀ" ಎನ್ನುತ್ತಾರೆ ಗಂಟಕ್ಕ.

ಅಷ್ಟರಲ್ಲಿ ಜೀಪೊಂದು ಬಂದು ಅವರನ್ನು ಹತ್ತಿಸಿಕೊಂಡಿತು. ಪೊಲೀಸರೆಂದು ಕೈಮುಗಿದರೆ, ಅವರು ಅಗ್ನಿಶಾಮಕ ದಳದವರು! ಪೈಲಟ್‌ಗಳು ಬದುಕಿದ್ದರು, ಒಬ್ಬರ ಕೈ ಮಾತ್ರ ಮುರಿದಿತ್ತು. ಬಿದ್ದ ಹೊಡೆತಕ್ಕೆ ಪಟ್ಟಿಗಳೆಲ್ಲ ಕಿತ್ತುಹೋಗಿದ್ದರೂ, ಕಮೋಡುಗಳು ಪೈಲಟ್‌ಗಳ ಬೆನ್ನ ಮೇಲೆ ನುಗ್ಗದಂತೆ ಆ ಒಂದು ಗಂಟು ಹಿಡಿದು ನಿಲ್ಲಿಸಿತ್ತು. ಹಗ್ಗ ಕತ್ತರಿಸಕೂಡದೆಂದು ತನಿಖೆಯವರ ಆಜ್ಞೆ. ಬಿಚ್ಚಲು ಹೋದ ದಾಂಡಿಗರೆಲ್ಲ ಉಗುರು ಕಿತ್ತುಕೊಂಡು ಕೂತಿದ್ದರು. ಗಂಟಕ್ಕ ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚಿದರು. ಇಡೀ ವಿಮಾನದಲ್ಲಿ ಒಡೆದದ್ದು ಒಂದೇ ಕಮೋಡು. ಅದೂ ಇಳಿಸುವಾಗ ಮೇಲ್ವಿಚಾರಕರು ಕೈಜಾರಿ ಬೀಳಿಸಿದ್ದು.

ತಪ್ಪು ಎಂಜಿನ್ನಿನದೇ ಎಂದು ತನಿಖೆಯಲ್ಲಿ ಖಾತ್ರಿಯಾಗಿದೆ. ಗಂಟಕ್ಕನ ಕೆಲಸ ಉಳಿದಿದೆ. ಮೇಲ್ವಿಚಾರಕರು ಬಂದವರಿಗೆಲ್ಲ "ಇದು ನಮ್ಮ ನಿಲ್ದಾಣದ ಗಂಟು" ಎಂದು ತೋರಿಸಿ ಬೀಗುತ್ತಿದ್ದಾರೆ.

ಗಂಟಕ್ಕ ಇದುವರೆಗೆ ವಿಮಾನದಲ್ಲಿ ಹಾರಿಲ್ಲ. ಆಸೆಯಿಲ್ಲವೇ ಎಂದರೆ ಸೆರಗಿನಲ್ಲಿ ಬೆವರೊರೆಸಿಕೊಂಡು ನಗುತ್ತಾರೆ. "ಕೈ ಮುರ್ಕೊಂಡಿದ್ನಲ್ಲ, ಆ ಪೈಲಟ್ ಹುಡುಗ ಕರೆದ. 'ಬರ್ತೀನಪ್ಪಾ, ಆದ್ರೆ ಸಾಮಾನು ನಾನೇ ಕಟ್ಟಿರ್ಬೇಕು. ಬೇರೆಯವ್ರು ಕಟ್ಟಿದ್ರೆ ನಾನು ಹತ್ತಲ್ಲ' ಅಂದೆ. ಅದಕ್ಕವನು, 'ನಾನೂ ಹತ್ತಲ್ಲ ಅಕ್ಕಾ' ಅಂದ."