ಎಲೆ ಉದುರಿಸಿದ ತಪ್ಪಿಗೆ

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಿರಿಯಾಪಟ್ಟಣದ ನಮ್ಮ ಬೀದಿಯ ಕೊನೆಗೆ ಒಂದು ಚಿಕ್ಕ ಪಾರ್ಕಿದೆ. ಮಂಡಿನೋವಿಗೆ ಡಾಕ್ಟರು ನಡೆಯಲು ಹೇಳಿದ್ದರಿಂದ ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಟೈಲರಿಂಗ್ ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ, ಪಕ್ಕದ ಮನೆಯ ಮುಸ್ಲಿಂ ಅಕ್ಕ ಕೂಡ ಬರುತ್ತಿದ್ದರು; ಅವರನ್ನು ನಾನು ಆಪಾ ಅಂತಲೇ ಕರೆಯುವುದು. ಪಾರ್ಕಿನ ನಡುವೆ ಒಂದು ಬಾದಾಮಿ ಮರ, ಗೇಟಿನ ಬಳಿ ಒಂದು ಹೊಂಗೆ. ಮಾಗಿಯ ಚಳಿ ಬಲಿತಂತೆ ಬಾದಾಮಿಯ ಅಗಲ ಎಲೆಗಳು ಕೆಂಪಗಾಗಿ, ಮಂಜಿನಲ್ಲಿ ತೊಯ್ದು ಒಂದೊಂದೇ ಬೀಳುತ್ತಿದ್ದವು. ಆಪಾ ಒಂದನ್ನು ಆರಿಸಿಕೊಂಡು, "ಈ ಬಣ್ಣದ್ ದಾರ ಮೈಸೂರಲ್ಲೂ ಸಿಗಾಕಿಲ್ಲ ಕಣಮ್ಮ" ಅನ್ನುತ್ತಿದ್ದರು.

ಕಳೆದ ಮಾಗಿಯಲ್ಲಿ ಒಂದು ದಿನ ಹೋದರೆ ಬಾದಾಮಿ ನೆಲಕ್ಕುರುಳಿತ್ತು. ಮರ ಕುಯ್ಯುವ ಮಿಷನ್ ಇನ್ನೂ ಗುರ್ರೆನ್ನುತ್ತಿತ್ತು. ಪಾರ್ಕು ನೋಡಿಕೊಳ್ಳುವ ಸಮಿತಿಯ ಯಜಮಾನರು ಕೈಕಟ್ಟಿ ನಿಂತಿದ್ದರು.

"ಯಾಕ್ರೀ ಕಡುಸಿದ್ರಿ?"

"ದಿನಾ ಎಲೆ ಉದುರ್ತದೆ ಕಣಮ್ಮ. ಗುಡ್ಸೋರ್ಯಾರು? ನೀಟಾಗಿ ಸಿಮೆಂಟ್ ಇಟ್ಗೆ ಆಕುಸ್ತೀವಿ, ಬುಡಿ."

ನನಗೆ ತಡೆಯಲಾಗಲಿಲ್ಲ. "ಮರದಿಂದ ಎಲೆ ಉದುರ್ದೆ ಇನ್ನೇನ್ರೀ ಉದುರ್ಬೇಕು? ನಿಮ್ ತಲೆಕೂದ್ಲು ಉದುರ್ಲಿಲ್ವಾ? ಅದುಕ್ಕೆ ಯಾರಾದ್ರೂ ನಿಮ್ ಕತ್ತು ಕುಯ್ದ್ರಾ?"

ಮಿಷನ್ ಹಿಡಿದವನು ನಕ್ಕುಬಿಟ್ಟ. ಯಜಮಾನರ ಮುಖ ಕಪ್ಪಿಟ್ಟಿತು. ಹೊಂಗೆಯ ಕಡೆ ಕೈ ತೋರಿಸಿ, "ಅದುನ್ನೂ ಕುಯ್ಯಪ್ಪ. ಶಿವರಾತ್ರಿ ಒತ್ಗೆ ಅದೂ ಬೋಳಾಯ್ತದೆ" ಎಂದರು. ಬರೀ ಹಟಕ್ಕೆ!

ನಾನು ಬೈಯುತ್ತಲೇ ಇದ್ದೆ. ಎಂದೂ ಯಾರಿಗೂ ಎದುರಾಡದ ಆಪಾ ಸುಮ್ಮನೆ ಹೋಗಿ ಹೊಂಗೆಗೆ ಬೆನ್ನು ಕೊಟ್ಟು ಕೂತುಬಿಟ್ಟರು. "ಕುಯ್ಯಪ್ಪ, ನಾನಂತೂ ಏಳಾಕಿಲ್ಲ." ಮಂಡಿ ನೋಯುತ್ತಿದ್ದರೂ ನಾನು ಅವರ ಪಕ್ಕ ಕೂತೆ. ದಿನವೂ ನಮಸ್ಕಾರ ಹೇಳುತ್ತಿದ್ದ ವಾಕಿಂಗಿನವರು ಮೊಬೈಲು ನೋಡುತ್ತಾ ನಮ್ಮನ್ನು ಬಳಸಿ ಹೋದರು. ಅವರ ಮೇಲೂ ನನಗೆ ಸಿಟ್ಟಿದೆ.

ಕೊನೆಗೆ ಮಿಷನ್ನಿನವನೇ, "ನಂಗ್ಯಾಕ್ ಸಾ ಈ ಉಸಾಬರಿ" ಎಂದು ಬಾದಾಮಿಯ ತುಂಡುಗಳನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೊರಟುಹೋದ.

ಹೊಂಗೆ ಉಳಿಯಿತು. ಎಲೆಯನ್ನೆಲ್ಲಾ ಉದುರಿಸಿ, ಯುಗಾದಿಗೆ ಎಣ್ಣೆ ಸವರಿದಂಥ ಚಿಗುರು ತಂದಿತು. ಪಾರ್ಕಿನ ನಡುವೆ ಮಾತ್ರ ಈಗ ಸಿಮೆಂಟು ಕಾದು ಕಾಲಿಡಲಾಗುವುದಿಲ್ಲ. ಯಜಮಾನರು ಪೇಪರು ಹಿಡಿದು ಹೊಂಗೆಯ ಕೆಳಗೇ ಕೂರುತ್ತಾರೆ. ಮೊನ್ನೆ ನಮ್ಮನ್ನು ಕಂಡು ಕಲ್ಲುಬೆಂಚಿನಲ್ಲಿ ಸರಿದು, "ಬನ್ನಿ, ಕೂತ್ಕಳಿ, ತಂಪಾಗದೆ" ಎಂದರು.

ಆಪಾ ಹೋಗಿ ಕೂತರು. ನಾನು ಮುಖ ತಿರುಗಿಸಿ ಬಿಸಿಲಿನಲ್ಲೇ ನಡೆದೆ.